ದಳ ಮುರಿಯುವ ಸದ್ದು

ಕಾಕ್ಸ್‌ಟೌನಿನಲ್ಲಿ ನಮ್ಮ ಬಾಡಿಗೆ ಕೋಣೆಯ ಮೇಲಿನ ಮನೆಯಾಕೆ ಯುನಾನಿ ಔಷಧದ ಅಂಗಡಿಗೆ ಗುಲಾಬಿ ದಳ ಒಣಗಿಸಿ ಕೊಡುತ್ತಿದ್ದರು. ಬಿಸಿಲಿಗೆ ಹಾಕುತ್ತಿರಲಿಲ್ಲ, ನೆರಳಲ್ಲಿ ಹರಡಿ ನಾಲ್ಕೈದು ದಿನ ಮಗುಚುತ್ತಿದ್ದರು. ಸಂಜೆ ಒಂದು ದಳವನ್ನು ಕಿವಿಯ ಬಳಿ ಹಿಡಿದು, ತಲೆ ವಾಲಿಸಿ, ಬೆರಳಲ್ಲಿ ಮುರಿಯುತ್ತಿದ್ದರು. "ಸದ್ದು ಬರ್ಬೇಕು, ಬೇಟಿ. ಕಣ್ಣಿಗೆ ಹಾಕೋ ಔಷಧಿ ಇದು."

ಒಂದು ಮೋಡದ ವಾರ ಅವರು ಜ್ವರ ಬಂದು ಮಲಗಿದರು. ಉಪಕಾರ ಮಾಡಲು ಹೋಗಿ ನಾನು ದಳಗಳನ್ನು ಪಕ್ಕದ ಬೇಕರಿಯ ಒಲೆಯ ಮೇಲೆ ಒಂದೇ ಮಧ್ಯಾಹ್ನದಲ್ಲಿ ಒಣಗಿಸಿ, ಚೀಲ ಕಟ್ಟಿ ಅಂಗಡಿಗೆ ಕೊಟ್ಟು ಬಂದೆ. ಬಣ್ಣವೇನೋ ಚೆನ್ನಾಗಿಯೇ ಇತ್ತು.

ಎರಡು ದಿನದ ಮೇಲೆ ಎದ್ದು ಬಂದವರು ತಟ್ಟೆಯಲ್ಲಿ ಉಳಿದಿದ್ದ ದಳವೊಂದನ್ನು ಕಿವಿಗೆ ಹಿಡಿದರು. ಅದು ಮುರಿಯಲಿಲ್ಲ, ಬಾಗಿತು.

"ಒಳಗೆ ಹಸಿ ಇದೆ. ಚೀಲದಲ್ಲಿ ಬೂಷ್ಟು ಹಿಡಿಯುತ್ತೆ," ಎಂದವರು ಬರಿಗಾಲಲ್ಲೇ ಅಂಗಡಿಗೆ ನಡೆದರು.

ಚೀಲ ಮರಳಿ ಬಂತು. ಒಂದು ಪೊಟ್ಟಣ ಮಾತ್ರ ಆಗಲೇ ಹೋಗಿತ್ತು. ಯಾರೋ ಹೆಂಗಸು ಕೂಸಿನ ಕಣ್ಣು ತೊಳೆಯಲೆಂದು ಒಯ್ದಿದ್ದಳಂತೆ. ಯಾವ ಬೀದಿಯವಳೆಂದು ಅಂಗಡಿಯವನಿಗೂ ಗೊತ್ತಿರಲಿಲ್ಲ.

ಅವರು ನನ್ನನ್ನು ಬೈಯಲಿಲ್ಲ. ಆದರೆ ಅಂದಿನಿಂದ ಬೀದಿಯಲ್ಲಿ ಯಾವ ಮಗು ಅತ್ತರೂ ದಳ ಮಗುಚುತ್ತಿದ್ದ ಅವರ ಕೈ ನಿಲ್ಲುತ್ತಿತ್ತು, ತಲೆ ಹಾಗೆಯೇ ವಾಲುತ್ತಿತ್ತು. ಅಳು ನಿಲ್ಲುವವರೆಗೆ, ಕೆಳಗಿನಿಂದ ನೋಡುತ್ತಿದ್ದ ನಾನೂ ಉಸಿರು ಬಿಡುತ್ತಿರಲಿಲ್ಲ.