ಸಿಗ್ನಲ್‌ನ ಬಣ್ಣ

ಅಮೆರಿಕದ ಡರ್ಹಮ್ ಬಳಿಯ ಸಣ್ಣ ವಿಮಾನ ನಿಲ್ದಾಣವೊಂದರಲ್ಲಿ ನಾನು ಹವಾಮಾನ ವೀಕ್ಷಕಿ. ಆ ಜನವರಿಯ ಶನಿವಾರ ರಜೆಯ ಮೇಲೆ ಸೆಂಟರ್‌ವಿಲ್‌ನ ಅಕ್ಕನ ಮನೆಯಲ್ಲಿದ್ದೆ. ಭಾವ ಮಗಳನ್ನು ಈಜು ತರಗತಿಯಿಂದ ಕರೆತರುವಾಗ ಹಿಮ ಹಿಡಿದುಕೊಂಡಿತು. ಪೆಟ್ರೋಲ್ ಹಾಕಿಸುವ ಗ್ಯಾಸ್ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿ ಫೋನ್ ಮಾಡಿದರು. ಅಲ್ಲಿಂದ ಮನೆಗೆ ಇಳಿಜಾರು, ನಡುವೆ ಕಡಿದಾದ ತಿರುವು. ಅಕ್ಕ ಫೋನನ್ನು ಸ್ಪೀಕರ್‌ಗೆ ಹಾಕಿ ಅಡುಗೆಕಟ್ಟೆಯ ಮೇಲಿಟ್ಟಳು.

ಹೊರಡಬಹುದೇ ಎಂಬುದು ಭಾವನ ಪ್ರಶ್ನೆ. ಇಷ್ಟು ಹೊತ್ತು ಹತ್ತಿಯಂತೆ ದಪ್ಪದಪ್ಪ ಬೀಳುತ್ತಿತ್ತು, ಈಗ ಚಿರೋಟಿ ರವೆಯಷ್ಟು ಸಣ್ಣಗಾಗಿದೆ, ಕಡಿಮೆಯಾದಂತೆಯೇ ಎಂದರು.

ಅದು ಮಳೆಯ ಲೆಕ್ಕ. ಮೈಸೂರಿನಲ್ಲಿ ಬೆಳೆದ ನಮಗೆ ಹನಿ ಸಣ್ಣಗಾದರೆ ಮಳೆ ಬಿಡುತ್ತಿದೆ ಎಂದರ್ಥ. ಹಿಮದ ಜೋರನ್ನು ಚಕ್ಕೆಯ ಗಾತ್ರದಿಂದ ಅಳೆಯುವುದಿಲ್ಲ, ಅದರೊಳಗಿಂದ ಎಷ್ಟು ದೂರ ಕಾಣುತ್ತದೆ ಎಂಬುದರಿಂದ ಅಳೆಯುತ್ತೇವೆ. ಅರ್ಧ ಮೈಲಿಗಿಂತ ಆಚೆ ಕಂಡರೆ ಹಗುರ. ನೋಟ ಕಾಲು ಮೈಲಿಯೊಳಗೇ ನಿಂತುಹೋದರೆ ಭಾರಿ. ನಡುವಿನದು ಸಾಧಾರಣ. ದಪ್ಪ ಚಕ್ಕೆಗಳ ನಡುವೆ ಸಂದಿರುತ್ತದೆ. ರವೆಯಂಥದ್ದು ಒತ್ತಾಗಿ ಬಿದ್ದರೆ ಎದುರಿನದೆಲ್ಲ ಮುಚ್ಚಿಹೋಗುತ್ತದೆ.

ಭಾವ ನಿಂತಿದ್ದ ಗ್ಯಾಸ್ ಸ್ಟೇಷನ್ನಿನಿಂದ ಮುಂದಿನ ಸಿಗ್ನಲ್ ಕಾಲು ಮೈಲಿಗೆ ತುಸು ಹೆಚ್ಚು. ಹಿಂದೊಮ್ಮೆ ನಡೆದು ಹೋದಾಗ ಅಳೆದಿದ್ದೆ, ಕೆಲಸದಿಂದ ಅಂಟಿದ ಚಟ. ಸಿಗ್ನಲ್ ಕಾಣುತ್ತದೆಯೇ ಎಂದೆ. ಕಾಣುತ್ತದೆ ಎಂದರು, ತಕ್ಷಣ. ಆ ಅವಸರ ನನಗೆ ಹಿಡಿಸಲಿಲ್ಲ. ದಿನಾ ದಾಟುವ ಸಿಗ್ನಲ್ ಅದು. ಗೊತ್ತಿರುವ ಜಾಗದಲ್ಲಿ ಗೊತ್ತಿರುವ ವಸ್ತುವನ್ನು ಮನಸ್ಸೇ ತಂದು ನಿಲ್ಲಿಸುತ್ತದೆ.

"ಈಗ ಯಾವ ಕಲರ್ ಇದೆ, ಭಾವ?"

ಭಾವ ವೈಪರ್‌ನ ವೇಗ ಹೆಚ್ಚಿಸಿದ್ದು ಕೇಳಿಸಿತು.

"ಏನೇ ನಿನ್ನ ಎಗ್ಸಾಮು?" ಎಂದಳು ಅಕ್ಕ. "ಮಗು ಕಾರಲ್ಲಿದೆ. ನಿಧಾನಕ್ಕೆ ಡ್ರೈವ್ ಮಾಡ್ಕೊಂಡು ಬರ್ಲಿ ಬಿಡು."

"ಮಗು ಇದೆ ಅಂತಲೇ ಕೇಳ್ತಿರೋದು."

"ಕಾಣ್ತಿಲ್ಲಮ್ಮ," ಎಂದರು ಭಾವ. "ಲೈಟಿರ್ಲಿ, ಕಂಬನೂ ಕಾಣ್ತಿಲ್ಲ."

ಅಲ್ಲೇ ಇರಿ, ಬಣ್ಣ ಕಂಡಾಗ ಹೇಳಿ ಎಂದೆ. ಕಾದಷ್ಟೂ ಇಳಿಜಾರಿನಲ್ಲಿ ಹಿಮ ರಾಶಿಯಾಗುತ್ತದೆ ಎಂದು ಅಕ್ಕ ವಾದಿಸಿದಳು. ಅವಳ ಮಾತು ತಪ್ಪಲ್ಲ, ಅದೇ ನನ್ನನ್ನು ಹೆದರಿಸಿದ್ದು. ಕೆಲಸದಲ್ಲಿ ಕಂಡದ್ದನ್ನು ವರದಿ ಮಾಡುತ್ತೇನೆ. ವಿಮಾನ ಇಳಿಸಬೇಕೋ ಬೇಡವೋ ಎಂದು ಬೇರೆಯವರು ನಿರ್ಧರಿಸುತ್ತಾರೆ. ಇಲ್ಲಿ ನಿರ್ಧರಿಸಲು ನನ್ನ ಮತ್ತು ರಸ್ತೆಯ ನಡುವೆ ಬೇರೆ ಯಾರೂ ಇರಲಿಲ್ಲ. ಫೋನಿನಲ್ಲಿ ಮಗು ಹಸಿವು ಎಂದು ಇಂಗ್ಲಿಷಿನಲ್ಲಿ ರಾಗ ಎಳೆಯುತ್ತಿತ್ತು. ಅಕ್ಕ ನನಗೆ ಬೆನ್ನು ತಿರುಗಿಸಿ ನಿಂತಳು.

"ರೆಡ್," ಎಂದರು ಭಾವ ಕೊನೆಗೆ.

ಬಣ್ಣ ಬದಲಾಗಲಿ ಎಂದು ಕಾದೆ.

"ಈಗ ಗ್ರೀನ್ ಆಯ್ತು. ಅದರಾಚೆ ಚರ್ಚಿನ ಚಾವಣಿನೂ ಕಾಣ್ತಿದೆ."

"ಹೊರಡಿ. ತಿರುವಲ್ಲಿ ಬ್ರೇಕ್ ಒತ್ತಬೇಡಿ, ಮೊದಲೇ ಸ್ಲೋ ಮಾಡಿ."

ಅಕ್ಕ ಫೋನಿಟ್ಟಳು. ಇಬ್ಬರೂ ಕಿಟಕಿಯ ಬಳಿ ನಿಂತೆವು. ಬೀದಿಯ ಕೊನೆಯಲ್ಲಿ ಎರಡು ಮಂಕು ದೀಪಗಳು ಮೂಡಿದಾಗ ಅವಳು ನನ್ನ ಮುಂಗೈ ಹಿಡಿದು, "ಎಷ್ಟು ದೂರ ಇರ್ಬೋದೇ?" ಎಂದಳು.

"ಹತ್ರನೇ," ಎಂದೆ.