ಒಪಲ್ ಅಕ್ಕನ ಬೀಡಿನ ಪಾತ್ರೆ

ಬಾಯಿ ಬಿಟ್ಟರೆ ಬಣ್ಣಗೇಡು ಅಂತ ನಮ್ಮ ಹೋಯ್ಟ್ ಭಾವನಿಗೆ ತೊಟ್ಟಿಲಲ್ಲೇ ಯಾರೋ ಹೇಳಿಕೊಟ್ಟಿರಬೇಕು. ಕೇಳಿದ್ದಕ್ಕೆಲ್ಲ ಒಂದು ‘ಹ್ಞೂಂ’, ಅಷ್ಟೇ. ನನ್ನ ಅಕ್ಕ ಒಪಲ್ ಇಬ್ಬರ ಪಾಲಿನ ಮಾತನ್ನೂ ತಾನೇ ಆಡಿ ಸಂಸಾರ ಮಾಡಿದಳು.

ಭಾವ ಸೀಸದ ಗುಂಡು ಎರೆಯುತ್ತಿದ್ದರು. ಅಮೆರಿಕದ ಅರ್ಕನ್ಸಾದ ನಮ್ಮ ಹೊಳೆದಂಡೆಯಲ್ಲಿ ಗಾಳದ ಹಗ್ಗಕ್ಕೆ ಕಟ್ಟೋ ಗುಂಡು ಬೇಕಾದರೆ ಎಲ್ಲರೂ ಅವರ ಹಿತ್ತಲಿಗೇ ಬರಬೇಕು. ಟೈರ್ ಅಂಗಡಿಯವರು ಹಳೇ ಚಕ್ರಗಳಿಂದ ಕಿತ್ತು ಬಿಸಾಡಿದ ಸೀಸದ ಚೂರು ಆರಿಸಿ ತಂದು, ಹಳೇ ಬೀಡುಕಬ್ಬಿಣದ ಪಾತ್ರೆಯಲ್ಲಿ ಕರಗಿಸಿ ಅಚ್ಚಿಗೆ ಹೊಯ್ಯೋರು.

ಸೀಸ ಬಿದ್ದ ಪಾತ್ರೆಯಲ್ಲಿ ಮತ್ತೆ ಅಡುಗೆ ಮಾಡೋ ಹಾಗಿಲ್ಲ. ಉಜ್ಜಿ ಉಜ್ಜಿ ಕೈ ಸವೆದರೂ ಆ ವಿಷ ಹೋಗಲ್ಲ. ಬೀಡಿನ ಪಾತ್ರೆಗೋ ಸಾವೇ ಇಲ್ಲ, ಅಜ್ಜಿಯದು ಮೊಮ್ಮಗಳ ಒಲೆ ಏರುತ್ತೆ. ಅದಕ್ಕೇ ನಮ್ಮಲ್ಲಿ ಮೊದಲ ಸಲ ಸೀಸ ಹಾಕೋ ಮುಂಚೆ ಪಾತ್ರೆಯ ಮೂರು ಕಾಲಲ್ಲಿ ಒಂದನ್ನು ಸುತ್ತಿಗೆಯಲ್ಲಿ ಮುರಿದುಬಿಡ್ತಾರೆ. ಕುಂಟು ಪಾತ್ರೆಯನ್ನು ಯಾವ ಹೆಂಗಸೂ ಒಳಗೆ ತರಲ್ಲ.

ಚಳಿಗಾಲದಲ್ಲಿ ಅಕ್ಕ ಹೋದಳು. ನಮ್ಮಮ್ಮನಿಂದ ಬಂದ ಅಡುಗೆಯ ಬೀಡಿನ ಪಾತ್ರೆ ಮಗಳು ರೆನೀಗೆ ಅಂತ ಆಸ್ಪತ್ರೆಯಲ್ಲೇ ಹೇಳಿದ್ದಳು. ಮಣ್ಣು ಮಾಡಿ ಬಂದ ಮಾರನೇ ದಿನವೇ ಭಾವ ಹಿತ್ತಲಲ್ಲಿ ಸೀಸದ ಒಲೆ ಹಚ್ಚಿ ಕೂತರು. ನಾನು ತಂದಿಟ್ಟ ಊಟ ಇಟ್ಟಲ್ಲೇ ಇರುತ್ತಿತ್ತು. ಬೈಯೋಣ ಅಂದರೆ ನನಗೂ ಶಕ್ತಿ ಇಲ್ಲ. ಒಡಹುಟ್ಟಿದವಳು ಹೋದರೂ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ಒಳಗೆಲ್ಲ ಮರಗಟ್ಟಿಹೋಗಿತ್ತು.

ಒಂದು ಬೆಳಿಗ್ಗೆ ಹಿತ್ತಲಿಗೆ ಹೋದೆ. ಒಲೆಯ ಮೇಲಿನ ಪಾತ್ರೆಯಲ್ಲಿ ಸೀಸ ಹೊಳೀತಾ ಇದೆ. ಪಾತ್ರೆಗೆ ಮೂರೂ ಕಾಲು!

‘ಅಯ್ಯೋ ಭಾವ! ಅಕ್ಕನ ಪಾತ್ರೆ ಅಲ್ವಾ ಇದು? ನಿಮಗೇನು ಕಣ್ಣಿಲ್ವಾ?’

ಭಾವ ಬಗ್ಗಿ ನೋಡಿದರು. ‘ಹ್ಞೂಂ,’ ಅಂದರು.

ಸೀಸ ಸುರಿದು, ಉಜ್ಜಿ, ಎಣ್ಣೆ ಹಚ್ಚಿ, ಅಡುಗೆಮನೆಯ ಹಲಗೆ ಮೇಲೆ ಇದ್ದ ಜಾಗದಲ್ಲೇ ಇಟ್ಟರು.

‘ಅಲ್ಲೇಕೆ ಇಡ್ತೀರಿ? ಕಾಲು ಮುರೀರಿ.’

‘ಆಗಲ್ಲ ಕಣಮ್ಮ. ಅವಳದು.’

‘ರೆನೀಯ ಮಗು ಈಗ ತಾನೇ ಅನ್ನ ತಿನ್ನೋಕೆ ಶುರು ಮಾಡಿದೆ. ಅವಳು ಬಂದರೆ ನೀವು ಹೇಳ್ತೀರೋ, ನಾನು ಹೇಳಲೋ?’

ಭಾವ ಕಿಟಕಿ ಕಡೆ ಮುಖ ತಿರುಗಿಸಿದರು.

ಈಸ್ಟರ್ ಹಬ್ಬಕ್ಕೆ ರೆನೀ ಬಂದಳು. ಮಗುವನ್ನು ನನ್ನ ತೊಡೆಗೆ ಹಾಕಿ ನೇರ ಹಲಗೆಗೇ ಕೈ ಹಾಕಿದಳು.

‘ನೋಡು ಚಿಕ್ಕಮ್ಮ, ಅಪ್ಪ ಹೇಗೆ ಮಿರಮಿರ ಅನ್ನಿಸಿಟ್ಟಿದ್ದಾರೆ! ಇವತ್ತೇ ಬೀನ್ಸ್ ಬೇಯಿಸ್ತೀನಿ, ಹಂದಿ ಮೂಳೆ ಹಾಕಿ, ಅಮ್ಮ ಮಾಡೋ ಥರಾನೇ. ಇವನಿಗೂ ಒಂದು ತುತ್ತು.’

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಭಾವ ಎದ್ದರು. ‘ಕೊಡಿಲ್ಲಿ,’ ಅಂದು ಪಾತ್ರೆ ಇಸಕೊಂಡು ಹಿತ್ತಲಿಗೆ ನಡೆದರು. ಸೌದೆ ಒಡೆಯೋ ಕೊರಡಿನ ಮೇಲೆ ಬೋರಲು ಹಾಕಿ, ಸುತ್ತಿಗೆ ಎತ್ತಿ ಒಂದೇ ಏಟು ಕೊಟ್ಟರು.

‘ಅಪ್ಪಾ! ನಿಂಗೆ ಹುಚ್ಚು ಗಿಚ್ಚು ಹಿಡೀತಾ?’ ರೆನೀ ಕಿರುಚಿಕೊಂಡು ಓಡಿದಳು. ಕುಂಟು ಪಾತ್ರೆ ಕಂಡದ್ದೇ ನಿಂತುಬಿಟ್ಟಳು. ನಮ್ಮೂರ ಹುಡುಗಿ, ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

‘ಯಾವಾಗ?’

‘ಅವಳು ಹೋದ ಮೇಲೆ. ಕೈಗೆ ಸಿಕ್ಕಿದ್ದು ತಗೊಂಡೆ. ಕಾಲು ನೋಡಲಿಲ್ಲ.’

ಅಷ್ಟು ಮಾತು ಭಾವನ ಬಾಯಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ. ಬಗ್ಗಿ, ಹುಲ್ಲಲ್ಲಿ ತಡಕಾಡಿ, ಮುರಿದ ಕಾಲನ್ನು ಹುಡುಕಿದರು. ಅಂಗಿಗೆ ಒರೆಸಿ ಮಗಳ ಅಂಗೈಲಿಟ್ಟರು.

‘ಇದನ್ನ ಇಟ್ಕೋ ಮಗಳೇ,’ ಅಂದರು. ‘ಇದಕ್ಕೆ ಸೀಸ ತಾಗಿಲ್ಲ.’