ಮಂಕಿಯ ಇಳುಕಲಿನಲ್ಲಿ ಮುರಿದ ಹೆಬ್ಬೆರಳು

೧೯೪೩ರಲ್ಲಿ ನಾನು ಕುಮಟೆಯ ಸಾಹುಕಾರರೊಬ್ಬರ ಲಾರಿಗೆ ಎರಡನೆಯ ಡ್ರೈವರ್ ಆಗಿದ್ದೆ. ಯುದ್ಧದ ಕಾಲ, ಪೆಟ್ರೋಲಿಗೆ ಬರ. ಲಾರಿಯ ಪಕ್ಕಕ್ಕೆ ಕಬ್ಬಿಣದ ದೊಡ್ಡ ಒಲೆ ಕೂರಿಸಿ, ಇದ್ದಿಲು ಉರಿಸಿ, ಅದರ ಗ್ಯಾಸಿನಿಂದ ಎಂಜಿನ್ ಓಡಿಸುತ್ತಿದ್ದೆವು. ಭಟ್ಕಳದ ಬಂದರಿನಿಂದ ರೇಶನ್ ಅಕ್ಕಿಯನ್ನು ಹೊನ್ನಾವರ, ಕುಮಟೆಗಳಿಗೆ ತರುವುದು ನಮ್ಮ ಕೆಲಸ. ಮೂಟೆ ಹೇರಿಸು, ಒಲೆ ಕೆದಕು, ಶರಾವತಿಯ ದಡದಲ್ಲಿ ಲಾರಿ ದಾಟಿಸುವ ಜೋಡುದೋಣಿಯ ಜಂಗಲಿಗೆ ಕಾಯು, ಇಳಿಸು, ಮತ್ತೆ ಹೊರಡು. ಅನೇಕ ಡ್ರೈವರುಗಳು ಮಿಲಿಟರಿಗೆ ಸೇರಿ ಹೋಗಿದ್ದರಿಂದ ಉಳಿದವರಿಗೆ ಬಿಡುವೇ ಇರಲಿಲ್ಲ.

ಮೊದಲನೆಯ ಡ್ರೈವರ್ ಭಟ್ಕಳದ ಇಸ್ಮಾಯಿಲ್ ಸಾಹೇಬರು. ನನಗೆ ಲಾರಿ ಕಲಿಸಿದವರು ಅವರೇ. ಅವರ ಮೊದಲ ಪಾಠ ಗೇರಿನದ್ದೂ ಅಲ್ಲ, ಬ್ರೇಕಿನದ್ದೂ ಅಲ್ಲ, ಹೆಬ್ಬೆರಳಿನದ್ದು. ಆಗಿನ ಲಾರಿಗಳಲ್ಲಿ ಮುಂದಿನ ಗಾಲಿಗೆ ಬಿದ್ದ ಪೆಟ್ಟು ನೇರವಾಗಿ ಸ್ಟಿಯರಿಂಗ್ ಚಕ್ರಕ್ಕೇ ಬರುತ್ತಿತ್ತು. ಕಲ್ಲಿಗೆ ಗಾಲಿ ಬಡಿದರೆ ಚಕ್ರ ಕೈಯಿಂದ ಕಿತ್ತುಕೊಂಡು ಗರ್ರನೆ ತಿರುಗುತ್ತಿತ್ತು. ಹೆಬ್ಬೆರಳನ್ನು ಚಕ್ರದ ಹೊರಬಳೆಯ ಒಳಗೆ ಸುತ್ತಿ ಹಿಡಿದಿದ್ದರೆ ಚಕ್ರದ ಅಡ್ಡಕಡ್ಡಿ ಬಂದು ಅದನ್ನು ಮುರಿಯುತ್ತದೆ. ಆದ್ದರಿಂದ ಹೆಬ್ಬೆರಳು ಬಳೆಯ ಮೇಲೆ ಉದ್ದಕ್ಕೆ ಮಲಗಿರಬೇಕು. ನಾನು ಮರೆತಾಗಲೆಲ್ಲ ಅವರು ಬೀಡಿಕಟ್ಟಿನಿಂದ ನನ್ನ ಬೆರಳ ಮೇಲೆ ಬಡಿಯುತ್ತಿದ್ದರು.

ಮಳೆಗಾಲ ಮುಗಿದ ಹೊಸತು. ರಸ್ತೆಯೆಲ್ಲ ಗುಂಡಿ. ಹಿಂದಿನ ದಿನವೂ ಅದರ ಹಿಂದಿನ ದಿನವೂ ನಾವಿಬ್ಬರೂ ಸರಿಯಾಗಿ ಮಲಗಿರಲಿಲ್ಲ. ಆ ದಿನ ಬೆಳಿಗ್ಗೆ ಭಟ್ಕಳ ಬಿಟ್ಟೆವು. ಅಳತೆ ಮೀರಿ ಹೇರಿದ್ದರಿಂದ ಸ್ಟಿಯರಿಂಗ್ ಗಾಣದಷ್ಟು ಭಾರ. ಮುರ್ಡೇಶ್ವರದ ದಾರಿ ಕಳೆದ ಮೇಲೆ ನಾನು ಓಡಿಸುತ್ತೇನೆಂದೆ. ಮುಂದಿನ ಊರು ಮಂಕಿ ದಾಟಲಿ ಎಂದರು ಸಾಹೇಬರು. ನಾನು ಎಡಗಡೆ ಸೀಟಿನಲ್ಲಿ ತೂಕಡಿಸುತ್ತಿದ್ದೆ.

ಮಂಕಿಯ ಇಳುಕಲಿನಲ್ಲಿ ಯಾವುದೋ ಗಾಡಿಯವನು ಗಾಲಿಗೆ ಒಡ್ಡಿ ಬಿಟ್ಟುಹೋದ ಚಿರೇಕಲ್ಲು ರಸ್ತೆಯಲ್ಲೇ ಇತ್ತು. ನಮ್ಮ ಎಡಗಾಲಿ ಅದಕ್ಕೆ ಬಡಿಯಿತು. ಒಣ ಕಡ್ಡಿ ಮುರಿದಂತೆ ಸದ್ದು ಕೇಳಿ ನಾನು ಕಣ್ಣು ಬಿಟ್ಟೆ. ಲಾರಿ ಎಡಕ್ಕೆ ವಾಲುತ್ತಿತ್ತು. ಎದುರಿಗೆ ರಸ್ತೆಯ ಎಡ ಅಂಚಿನಲ್ಲಿ ಮೀನಿನ ಬುಟ್ಟಿ ಹೊತ್ತ ಹೆಂಗಸರ ಸಾಲು. ಸಾಹೇಬರ ಬಲಗೈ ಜೋತುಬಿದ್ದಿತ್ತು. ಬ್ರೇಕ್ ತುಳಿದುಕೊಂಡೇ, ಎಡಗೈಯಿಂದಲೂ ಬಲ ಮೊಣಕೈಯಿಂದಲೂ ಚಕ್ರವನ್ನು ಅದುಮಿ ಬಲಕ್ಕೆ ತರಲು ನೋಡುತ್ತಿದ್ದರು. ನಾನು ಚಕ್ರಕ್ಕೆ ಕೈ ಹಾಕಲು ಹೋದೆ.

"ಚಕ್ರ ಮುಟ್ಟಬೇಡ. ಹ್ಯಾಂಡ್‌ಬ್ರೇಕ್ ಎಳಿ" ಎಂದರು. ದನಿ ಏರಿರಲಿಲ್ಲ.

ಎರಡೂ ಕೈಯಿಂದ ಎಳೆದೆ. ಬುಟ್ಟಿಗಳು ಉರುಳಿದವು, ಹೆಂಗಸರು ಚರಂಡಿಗೆ ಹಾರಿದರು. ಲಾರಿ ಅವರ ಪಕ್ಕದಲ್ಲೇ ಹಾದು, ರಸ್ತೆ ಅಡ್ಡ ದಾಟಿ, ಬಲಬದಿಯ ಮಣ್ಣಿನ ದರೆಗೆ ಒರಗಿ ನಿಂತಿತು. ಅಂದು ಒಂದೇ ಚಕ್ರವನ್ನು ನಾವಿಬ್ಬರು ಎರಡು ಕಡೆಗೆ ಜಗ್ಗಿದ್ದರೆ ಏನಾಗುತ್ತಿತ್ತೆಂದು ಈಗಲೂ ನೆನೆಯುತ್ತೇನೆ.

ಹೆಂಗಸರಲ್ಲಿ ಯಾರಿಗೂ ಪೆಟ್ಟಾಗಿರಲಿಲ್ಲ. ಒಬ್ಬ ಮುದುಕಿ ಮೈಯ ಕೆಸರು ಒರೆಸಿಕೊಳ್ಳುತ್ತ ಬಂದು, ಸಾಹೇಬರ ಮುಖ ನೋಡಿ ಬೈಗುಳ ನುಂಗಿಕೊಂಡಳು. "ಎಂತ ಆತು ಮಾರಾಯ? ನಿದ್ದೆ ಬಂತಾ?" ಎಂದಳು.

"ಕಣ್ಣಿಗೆ ಬರಲಿಲ್ಲ ಅಮ್ಮ. ಕೈಗೆ ಬಂತು" ಎಂದರು ಸಾಹೇಬರು.

ಹೆಬ್ಬೆರಳು ಬುಡದಲ್ಲಿ ಮುರಿದು ಹಿಂದಕ್ಕೆ ಮಗುಚಿತ್ತು. ಅದು ಬಳೆಯ ಒಳಗೆ ಯಾವಾಗ ಹೋಯಿತೆಂದು ಅವರಿಗೇ ಗೊತ್ತಿರಲಿಲ್ಲ. ಮುದುಕಿ ಸೀರೆಯ ಅಂಚು ಹರಿದು ಕೊಟ್ಟಳು. ಕಟ್ಟಿದೆ. ಅಲ್ಲಿಂದ ಮುಂದೆ ನಾನೇ ಓಡಿಸಿದೆ. ಹೊನ್ನಾವರದ ಎದುರು ದಡದ ಕಾಸರಕೋಡಿನಲ್ಲಿ ಹಲಗೆಗಳ ಮೇಲಿನಿಂದ ಲಾರಿಯನ್ನು ಇಂಚಿಂಚಾಗಿ ಜಂಗಲಿಗೆ ಹತ್ತಿಸಿದೆ. ಅವರು ಹಲಗೆಯನ್ನೂ ನೋಡಲಿಲ್ಲ, ನೀರನ್ನೂ ನೋಡಲಿಲ್ಲ. ನನ್ನ ಹೆಬ್ಬೆರಳುಗಳನ್ನೇ ನೋಡುತ್ತ ಕುಳಿತಿದ್ದರು.

ಹೊನ್ನಾವರದ ದವಾಖಾನೆಯಲ್ಲಿ ಡಾಕ್ಟರು ಎಲುಬು ಕೂಡಿಸಿದರು. ಅದು ಕೂಡಿಕೊಂಡಿತು, ಆದರೆ ಸೊಟ್ಟಗೆ. ಮುಷ್ಟಿಯಲ್ಲಿ ಬಲ ಉಳಿಯಲಿಲ್ಲ. ಸಾಹುಕಾರರು ಒಂದು ಚೀಲ ಅಕ್ಕಿ ಕಳಿಸಿ ಕೈ ತೊಳೆದುಕೊಂಡರು. ಸಾಹೇಬರು ಭಟ್ಕಳದಲ್ಲಿ ತಮ್ಮನ ಜವಳಿ ಅಂಗಡಿಯಲ್ಲಿ ಕುಳಿತರು. ನಾನು ನೋಡಲು ಹೋದಾಗ ಬಟ್ಟೆ ಕತ್ತರಿಸಲಾಗದೆ ಕತ್ತರಿಯನ್ನು ತಮ್ಮನಿಗೆ ದಾಟಿಸಿದರು. ಲಾರಿಯ ಸುದ್ದಿ ಕೇಳಲಿಲ್ಲ. ಊಟ ಮಾಡಿ ಹೋಗು ಎಂದರು.

ಬೆರಳು ಮುರಿದ ತಿಂಗಳಲ್ಲೇ ಸಾಹುಕಾರರು ನನ್ನೊಬ್ಬನಿಗೇ ಬಿಡುವಿಲ್ಲದೆ ಮತ್ತೊಂದು ಟ್ರಿಪ್ಪಿಗೆ ಹೊರಡಲು ಹೇಳಿದ್ದರು. ನಾನು ಮಲಗಿ ಎದ್ದ ಮೇಲೆ ಹೊರಡುತ್ತೇನೆಂದೆ. ಬೇರೆ ಡ್ರೈವರ್ ನೋಡಿಕೊಳ್ಳುತ್ತೇನೆಂದರು. "ಆತು" ಎಂದು ಬೀಗದಕೈ ಮೇಜಿನ ಮೇಲಿಟ್ಟು ಬಾಡ ಊರಿನ ನನ್ನ ಮನೆಗೆ ನಡೆದೆ. ಧೈರ್ಯದಿಂದ ಅಲ್ಲ, ಆಯಾಸದಿಂದ. ಬೇರೆ ಡ್ರೈವರ್ ಸಿಗಲಿಲ್ಲ. ಕೆಲವು ದಿನಗಳ ನಂತರ ಅವರೇ ಹೇಳಿಕಳಿಸಿದರು. ಆಮೇಲೆ ನಾನು ನಿದ್ದೆ ಕೇಳಿದಾಗ ಅವರು ಮುಖ ಗಂಟಿಕ್ಕುತ್ತಿದ್ದರು, ಆದರೆ ಇಲ್ಲವೆನ್ನಲಿಲ್ಲ.

ಮುಂದೆ ನಾನೂ ಹಲವರಿಗೆ ಲಾರಿ ಕಲಿಸಿದೆ. ಹೆಬ್ಬೆರಳು ಹೊರಗಿರಲಿ ಎಂದು ಎಲ್ಲರೂ ಹೇಳಿಕೊಡುತ್ತಾರೆ. ಸಾಹೇಬರಿಗಿಂತ ಚೆನ್ನಾಗಿ ಅದು ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ನಾನು ಇನ್ನೊಂದು ಮಾತು ಸೇರಿಸುತ್ತಿದ್ದೆ. ಬೆರಳು ತಾನಾಗಿ ಒಳಗೆ ಜಾರಿದ್ದು ಕಂಡರೆ ಬರೀ ಹೊರತೆಗೆದು ಮುಂದೆ ಹೋಗಬೇಡಿ. ಗಾಡಿ ಬದಿಗೆ ನಿಲ್ಲಿಸಿ, ಇಳಿದು, ಮಲಗಿ.